ಬಂಡೆ ಕೊರೆಯುವವರ ಉಸಿರು: ಜಾನ್ ಸ್ಕಾಟ್ ಹಾಲ್ಡೇನ್ (1860–1936)

ಗಣಿ ಮತ್ತು ಕಲ್ಲುಗಣಿಗಳ ಗುತ್ತಿಗೆಗಾಗಿ ಅರ್ಜಿ ಸಲ್ಲಿಸುವ ನಾಗರಿಕರು ಅನುಮತಿ ಪತ್ರಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತನ್ನು ಕಾಣುತ್ತಾರೆ. ಬಂಡೆಯನ್ನು ಒಣದಾಗಿ ಕೊರೆಯಬಾರದು; ನೀರು ಹಾಯಿಸಿ, ಇಲ್ಲವೇ ಧೂಳನ್ನು ಹೀರುವ ಸಾಧನವನ್ನು ಅಳವಡಿಸಿ ಕೊರೆಯತಕ್ಕದ್ದು ಎಂಬುದೇ ಆ ಷರತ್ತು. ಕಾಗದದ ಮೇಲೆ ಇದು ಒಂದೇ ಸಾಲು. ಅರ್ಜಿದಾರರಲ್ಲಿ ಹಲವರು ಇದನ್ನು ಓದಿ ಮುಂದೆ ಸಾಗುವುದುಂಟು. ಆದರೆ ಈ ಒಂದು ಸಾಲಿನ ಹಿಂದೆ ಸಾವಿರಾರು ಕಾರ್ಮಿಕರ ಅಕಾಲ ಮರಣದ ಲೆಕ್ಕವಿದೆ. ಆ ಲೆಕ್ಕವನ್ನು ಕ್ರಮಬದ್ಧವಾಗಿ ಪರಿಶೀಲಿಸಿ, ಮರಣದ ಕಾರಣವನ್ನು ಯಂತ್ರದ ಬಾಯಿಯಲ್ಲಿಯೇ ಗುರುತಿಸಿದವರಲ್ಲಿ ಸ್ಕಾಟ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಅವರು ಪ್ರಮುಖರು. ಅವರ ಜೀವನ ಮತ್ತು ಕಾರ್ಯದ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಹಾಲ್ಡೇನ್ ಅವರು 1860ರ ಮೇ ತಿಂಗಳಿನಲ್ಲಿ ಎಡಿನ್‌ಬರೋ ನಗರದ ಅನುಕೂಲಸ್ಥ ಮನೆತನವೊಂದರಲ್ಲಿ ಜನಿಸಿದರು. ಅವರ ಅಣ್ಣ ರಿಚರ್ಡ್ ಹಾಲ್ಡೇನ್ ಅವರು ಮುಂದೆ ಬ್ರಿಟನ್ನಿನ ಯುದ್ಧ ಸಚಿವರಾಗಿಯೂ ಲಾರ್ಡ್ ಚಾನ್ಸೆಲರ್ ಆಗಿಯೂ ಪ್ರಸಿದ್ಧರಾದರು. ತಮ್ಮನಾದ ಜಾನ್ ಅವರು ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ 1884ರಲ್ಲಿ ಪದವಿ ಪಡೆದರು. ಆದರೆ ಚಿಕಿತ್ಸಾ ವೃತ್ತಿಯನ್ನು ಅವರು ಕೈಗೊಳ್ಳಲಿಲ್ಲ. ಮನುಷ್ಯನು ಉಸಿರಾಡುವ ಗಾಳಿ ಯಾವುದು, ಅದರಲ್ಲಿ ಏನಿದೆ ಎಂಬ ಪ್ರಶ್ನೆ ಆರಂಭದಿಂದಲೂ ಅವರನ್ನು ಸೆಳೆದಿತ್ತು. ಡಂಡಿ ಪಟ್ಟಣದಲ್ಲಿ ಕೆಲಸಕ್ಕೆ ಸೇರಿದ ಅವರು ಬಡವರು ವಾಸಿಸುವ ಇಕ್ಕಟ್ಟಿನ ಮನೆಗಳು ಹಾಗೂ ಶಾಲಾ ಕೊಠಡಿಗಳ ಗಾಳಿಯನ್ನು ಸಂಗ್ರಹಿಸಿ ಪರೀಕ್ಷಿಸಿದರು. 1887ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದರು. ಅಲ್ಲಿ ಅವರ ಸೋದರಮಾವ ಬರ್ಡನ್ ಸ್ಯಾಂಡರ್ಸನ್ ಅವರು ಶರೀರಕ್ರಿಯಾ ವಿಜ್ಞಾನದ ಪ್ರಾಧ್ಯಾಪಕರಾಗಿದ್ದರು.

ಪ್ರಯೋಗಶಾಲೆಯ ಬಾಗಿಲಿನೊಳಗೆ ಕುಳಿತು ತೃಪ್ತರಾಗುವ ಸ್ವಭಾವ ಅವರದಲ್ಲ. ಚರಂಡಿ, ಕಾರ್ಖಾನೆ, ರೈಲ್ವೆ ಸುರಂಗ, ಗಣಿ, ಹೀಗೆ ಗಾಳಿ ಕೆಟ್ಟಿರುವ ಸ್ಥಳಗಳಿಗೆ ಸ್ವತಃ ಇಳಿಯುವುದು ಅವರ ಪದ್ಧತಿಯಾಗಿತ್ತು. ವಿಷಾನಿಲಗಳ ಪರಿಣಾಮವನ್ನು ಅವರು ಮೊದಲು ತಮ್ಮ ಶರೀರದ ಮೇಲೆಯೇ ಪರೀಕ್ಷಿಸಿಕೊಂಡರು. ಇಂಗಾಲದ ಮೊನಾಕ್ಸೈಡ್ ಅನಿಲವನ್ನು ಅಳತೆ ಮಾಡಿ ಉಸಿರಾಡಿ, ತಮ್ಮ ರಕ್ತವನ್ನು ಆಗಿಂದಾಗ್ಗೆ ತೆಗೆದು ಪರೀಕ್ಷಿಸಿ, ನಡೆಯಲಾಗದ ಸ್ಥಿತಿ ತಲುಪುವವರೆಗೂ ಟಿಪ್ಪಣಿ ಬರೆದಿಟ್ಟರು. ಈ ಪ್ರಯೋಗಗಳ ವಿವರವನ್ನು 1895ರಲ್ಲಿ ಪ್ರಕಟಿಸಿದರು. ಇಂದಿನ ಸುರಕ್ಷತಾ ನಿಯಮಗಳು ಇಂತಹ ಪ್ರಯೋಗಕ್ಕೆ ಎಂದಿಗೂ ಅನುಮತಿ ನೀಡಲಾರವು.

ಟೈಲರ್ಸ್‌ಟೌನ್ ದುರಂತ

1896ರ ಜನವರಿಯಲ್ಲಿ ದಕ್ಷಿಣ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟ ಸಂಭವಿಸಿ 57 ಮಂದಿ ಮೃತಪಟ್ಟರು. ಸ್ಫೋಟದ ಹೊಡೆತ ಮತ್ತು ಬೆಂಕಿಯಿಂದ ಎಲ್ಲರೂ ಸತ್ತಿರಬೇಕೆಂಬುದು ಸಹಜ ಊಹೆ. ಹಾಲ್ಡೇನ್ ಅವರು ಸ್ಥಳಕ್ಕೆ ತೆರಳಿ ಶವಗಳನ್ನು ಪರೀಕ್ಷಿಸಿದಾಗ, ಬಹುಪಾಲು ಶವಗಳ ಚರ್ಮವು ಗುಲಾಬಿ ಬಣ್ಣಕ್ಕೆ ತಿರುಗಿರುವುದನ್ನು ಕಂಡರು. ಇಂಗಾಲದ ಮೊನಾಕ್ಸೈಡ್ ರಕ್ತದೊಡನೆ ಸೇರಿದಾಗ ಕಾಣುವ ಗುರುತು ಅದು. ಅಂದರೆ, ಸ್ಫೋಟದಿಂದ ಪಾರಾದವರು ಅನಂತರ ಹರಡಿದ ಅನಿಲಕ್ಕೆ ಬಲಿಯಾಗಿದ್ದರು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಣ್ಣ ಪ್ರಾಣಿಗಳ ಉಸಿರಾಟ ವೇಗವಾದುದರಿಂದ ಅವು ಮನುಷ್ಯನಿಗಿಂತ ಬಹಳ ಬೇಗ ಕುಸಿಯುತ್ತವೆ. ಆದ್ದರಿಂದ ರಕ್ಷಣಾ ತಂಡಗಳು ಇಲಿ ಅಥವಾ ಪುಟ್ಟ ಹಕ್ಕಿಯನ್ನು ಜೊತೆಯಲ್ಲಿ ಒಯ್ಯಬೇಕೆಂದು ಅವರು ಸಲಹೆ ನೀಡಿದರು. ಗಣಿಗಳಲ್ಲಿ ಕ್ಯಾನರಿ ಹಕ್ಕಿಯನ್ನು ಇರಿಸಿಕೊಳ್ಳುವ ಪದ್ಧತಿ ಬಂದುದು ಹೀಗೆ. ಬ್ರಿಟನ್ನಿನಲ್ಲಿ 1986ರಲ್ಲಿ ವಿದ್ಯುನ್ಮಾನ ಸಾಧನಗಳಿಗೆ ಎಡೆಮಾಡಿಕೊಡುವವರೆಗೆ ಇದು ಉಳಿದಿತ್ತು.

ಹಾಲ್ಡೇನ್ ಎಂದೊಡನೆ ಇಂದಿಗೂ ಜನರು ಸ್ಮರಿಸುವುದು ಈ ಹಕ್ಕಿಯನ್ನೇ. ಆದರೆ ಒಮ್ಮೆಗೇ ಕೊಲ್ಲುವ ಅನಿಲಕ್ಕಿಂತ, ಹತ್ತಾರು ವರ್ಷಗಳಲ್ಲಿ ನಿಧಾನವಾಗಿ ಕೊಲ್ಲುವ ಧೂಳಿನ ಬಗ್ಗೆ ಅವರು ಕಂಡುಕೊಂಡ ಸಂಗತಿಯೇ ಕಲ್ಲುಗಣಿಗಳಿರುವ ನಮ್ಮ ನಾಡಿಗೆ ಹೆಚ್ಚು ಸಮೀಪವಾದುದು.

ಯಂತ್ರ ಬಂದ ಬಗೆ

ಸಿಡಿಮದ್ದು ತುಂಬಲು ಬಂಡೆಯಲ್ಲಿ ಕುಳಿ ಕೊರೆಯಬೇಕು. ಹಿಂದೆ ಒಬ್ಬನು ಉಳಿಯನ್ನು ಹಿಡಿದು ತಿರುಗಿಸುತ್ತಿದ್ದರೆ ಮತ್ತೊಬ್ಬನು ಸುತ್ತಿಗೆಯಿಂದ ಹೊಡೆಯುತ್ತಿದ್ದನು. ಒಂದು ಕುಳಿಗೆ ಗಂಟೆಗಟ್ಟಲೆ ಸಮಯ ಬೇಕಾಗುತ್ತಿತ್ತು. ಏಳುತ್ತಿದ್ದ ಧೂಳೂ ಅಷ್ಟಕ್ಕಷ್ಟೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಸಂಕುಚಿತ ಗಾಳಿಯಿಂದ ನಡೆಯುವ ಯಂತ್ರ ಡ್ರಿಲ್‌ಗಳು ಬಳಕೆಗೆ ಬಂದವು. ಕಂಪ್ರೆಸರ್‌ನಿಂದ ಬಂದ ಗಾಳಿಯು ಉಕ್ಕಿನ ಉಳಿಯನ್ನು ನಿಮಿಷಕ್ಕೆ ನೂರಾರು ಬಾರಿ ಬಂಡೆಗೆ ಬಡಿಯುತ್ತಿತ್ತು. ಉತ್ಪಾದನೆ ಹಲವು ಪಟ್ಟು ಹೆಚ್ಚಿತು. ಕಾರ್ಮಿಕರ ಕೂಲಿಯೂ ಹೆಚ್ಚಿತು. ಯಂತ್ರವನ್ನು ನಡೆಸಬಲ್ಲವನಿಗೆ ಎಲ್ಲೆಡೆ ಬೇಡಿಕೆಯಿತ್ತು.

ಕೆಳಮುಖವಾಗಿ ಕೊರೆಯುವ ಕುಳಿಯಲ್ಲಿ ನೀರು ನಿಲ್ಲುತ್ತದೆ. ಪುಡಿಯಾದ ಕಲ್ಲು ಕೆಸರಾಗಿ ಹೊರಬರುತ್ತದೆ. ತಲೆಯ ಮೇಲಿನ ಬಂಡೆಯನ್ನು ಮೇಲ್ಮುಖವಾಗಿ ಕೊರೆಯುವಾಗ ನೀರು ನಿಲ್ಲದು. ನುಣುಪಾದ ಒಣ ಹುಡಿ ನೇರವಾಗಿ ಕೊರೆಯುವವನ ಮುಖದ ಮೇಲೆ ಸುರಿಯುತ್ತದೆ. ಗಾಳಿಯಾಡದ ಕಿರಿದಾದ ಏರುದಾರಿಯಲ್ಲಿ ಕೂತು ಇಡೀ ಪಾಳಿ ಇದನ್ನೇ ಉಸಿರಾಡಿದ ಕಾರ್ಮಿಕನಿಗೆ ಆ ದಿನ ಕೆಮ್ಮು ಬಂದೀತೇ ಹೊರತು ಬೇರೇನೂ ತೋರದು. ತೊಂದರೆ ತೋರುವುದು ವರ್ಷಗಳ ನಂತರ. ಅಮೆರಿಕದ ಗಣಿಗಾರರು ಇಂತಹ ಒಣ ಡ್ರಿಲ್‌ಗಳಿಗೆ ಹೆಂಗಸರನ್ನು ವಿಧವೆಯರನ್ನಾಗಿಸುವ ಯಂತ್ರ ಎಂಬ ಅರ್ಥದ ಅಡ್ಡಹೆಸರನ್ನಿಟ್ಟಿದ್ದರು.

ಕಾರ್ನ್‌ವಾಲ್‌ನ ವಿಚಾರಣೆ

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ಪ್ರಾಂತ್ಯವು ತವರ ಮತ್ತು ತಾಮ್ರದ ಗಣಿಗಳಿಗೆ ಹೆಸರಾದುದು. ಅಲ್ಲಿಯ ಡೋಲ್ಕೋತ್ ಗಣಿಯ ಕಾರ್ಮಿಕರು ರಕ್ತಹೀನತೆಯಿಂದ ಬಳಲುತ್ತಿದ್ದಾರೆಂಬ ವರದಿಯ ಮೇರೆಗೆ, ಬ್ರಿಟಿಷ್ ಗೃಹ ಇಲಾಖೆಯ ಕೋರಿಕೆಯಂತೆ ಹಾಲ್ಡೇನ್ ಅವರು 1902ರಲ್ಲಿ ಅಲ್ಲಿಗೆ ತೆರಳಿದರು. ಗಣಿಯ ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಹಲವರು ನಂಬಿದ್ದರು. ಅವರು ಗಾಳಿಯನ್ನೂ ರಕ್ತವನ್ನೂ ಪರೀಕ್ಷಿಸಿ, ಕೊಕ್ಕೆಹುಳುವಿನ ಬಾಧೆಯೇ ಕಾರಣವೆಂದು ತೋರಿಸಿದರು. ಬಿಸಿಯೂ ತೇವವೂ ಆದ ಗಣಿಯಲ್ಲಿ ಶೌಚದ ವ್ಯವಸ್ಥೆ ಇಲ್ಲದಿದ್ದುದರಿಂದ ಹುಳು ಹರಡಿತ್ತು.

ಆದರೆ ಕೊಕ್ಕೆಹುಳುವಿನಿಂದ ವಿವರಿಸಲಾಗದ ಮತ್ತೊಂದು ಸಂಗತಿ ಅಲ್ಲಿತ್ತು. ನಡುವಯಸ್ಸಿಗೆ ಮುನ್ನವೇ ಶ್ವಾಸಕೋಶದ ರೋಗದಿಂದ ಸಾಯುವವರ ಸಂಖ್ಯೆ ಆ ಪ್ರಾಂತ್ಯದಲ್ಲಿ ಅತಿಯಾಗಿತ್ತು. ಇವರಲ್ಲಿ ಅನೇಕರು ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲ್ ಚಿನ್ನದ ಗಣಿಗಳಿಗೆ ದುಡಿಯಲು ಹೋಗಿ, 1899ರಲ್ಲಿ ಬೋಯರ್ ಯುದ್ಧ ಆರಂಭವಾದಾಗ ಮನೆಗೆ ಮರಳಿದವರು. ಕೈತುಂಬ ಹಣ ತಂದವರು ಕೆಲವೇ ತಿಂಗಳುಗಳಲ್ಲಿ ಹಾಸಿಗೆ ಹಿಡಿಯುತ್ತಿದ್ದರು. ಟ್ರಾನ್ಸ್‌ವಾಲ್‌ನ ಗಣಿ ಅಧಿಕಾರಿಗಳೂ ಈ ಬಗ್ಗೆ ಲೆಕ್ಕ ತೆಗೆದರು. ಯುದ್ಧಕ್ಕೆ ಮುನ್ನ ಅಲ್ಲಿ ಯಂತ್ರ ಡ್ರಿಲ್ ನಡೆಸುತ್ತಿದ್ದ 1,377 ಮಂದಿಯ ಪೈಕಿ 225 ಮಂದಿ, ಸುಮಾರು ಎರಡೂಕಾಲು ವರ್ಷಗಳ ಅವಧಿಯಲ್ಲಿ ಮೃತಪಟ್ಟಿದ್ದರು. ಅಂದರೆ ಆರು ಮಂದಿಯಲ್ಲಿ ಒಬ್ಬರು. ಇದು ಬಿಳಿಯ ಕಾರ್ಮಿಕರ ಲೆಕ್ಕ. ಅವರ ಪಕ್ಕದಲ್ಲಿ ನಿಂತು ಅದೇ ಧೂಳನ್ನು ಉಸಿರಾಡಿದ ಆಫ್ರಿಕನ್ ಕಾರ್ಮಿಕರು ಇದರಲ್ಲಿ ಸೇರಿಲ್ಲ ಎಂಬುದನ್ನು ಮರೆಯಲಾಗದು.

ಹಾಲ್ಡೇನ್ ಹಾಗೂ ಅವರೊಡನೆ ನೇಮಕಗೊಂಡ ಜೋಸೆಫ್ ಮಾರ್ಟಿನ್, ಆರ್ಥರ್ ಥಾಮಸ್ ಅವರು ಕಾರ್ನ್‌ವಾಲ್ ಗಣಿಗಾರರ ಆರೋಗ್ಯ ಕುರಿತ ತಮ್ಮ ವರದಿಯನ್ನು 1904ರಲ್ಲಿ ಸಲ್ಲಿಸಿದರು. ರೋಗಕ್ಕೆ ಹಲವು ಕಾರಣಗಳನ್ನು ಜನರು ಹೇಳುತ್ತಿದ್ದರು. ಸಿಡಿಮದ್ದಿನ ಹೊಗೆ, ಉದ್ದನೆಯ ಏಣಿಗಳನ್ನು ಹತ್ತುವ ಶ್ರಮ, ಸೆಖೆಯಿಂದ ಒಮ್ಮೆಗೇ ಚಳಿಗೆ ಬರುವುದು, ಕುಡಿತ, ಹೀಗೆ ಪಟ್ಟಿ ಬೆಳೆದಿತ್ತು. ಸಮಿತಿಯು ಅನುಸರಿಸಿದ ಮಾರ್ಗ ಸರಳವಾದುದು. ಮರಣ ನೋಂದಣಿಯಲ್ಲಿ ಮೃತರ ಉದ್ಯೋಗ ಗಣಿಗಾರ ಎಂದಷ್ಟೇ ಇರುತ್ತಿತ್ತು. ಅಷ್ಟಕ್ಕೆ ತೃಪ್ತರಾಗದೆ, ಮೃತನು ಗಣಿಯಲ್ಲಿ ನಿಖರವಾಗಿ ಯಾವ ಕೆಲಸ ಮಾಡುತ್ತಿದ್ದನು, ಯಂತ್ರ ಡ್ರಿಲ್ ನಡೆಸಿದ್ದನೇ ಇಲ್ಲವೇ ಎಂಬುದನ್ನು ವಿಚಾರಿಸಲಾಯಿತು. ಆಗ ಚಿತ್ರ ಸ್ಪಷ್ಟವಾಯಿತು. ಯಂತ್ರ ಡ್ರಿಲ್ ನಡೆಸಿದವರ ಗುಂಪು ಇತರ ಗಣಿಗಾರರಿಗಿಂತ ಬಹಳ ಮೊದಲೇ, ಬಹುಮಟ್ಟಿಗೆ ಶ್ವಾಸಕೋಶದ ರೋಗದಿಂದಲೇ ಸಾಯುತ್ತಿತ್ತು. ಕಲ್ಲಿನ ಧೂಳು ಶ್ವಾಸಕೋಶವನ್ನು ಹಾಳುಮಾಡುತ್ತದೆ, ಹಾಳಾದ ಶ್ವಾಸಕೋಶದಲ್ಲಿ ಕ್ಷಯ ಸುಲಭವಾಗಿ ಬೇರೂರುತ್ತದೆ ಎಂಬ ನಿರ್ಣಯಕ್ಕೆ ಅವರು ಬಂದರು. ಕೊರೆಯುವಾಗ ನೀರಿನ ಧಾರೆ ಅಥವಾ ತುಂತುರನ್ನು ಬಳಸಿ ಧೂಳನ್ನು ಹುಟ್ಟುವಲ್ಲಿಯೇ ಅಡಗಿಸಬೇಕೆಂಬುದು ಅವರ ಶಿಫಾರಸು.

ಇಂದು ಸಿಲಿಕೋಸಿಸ್ ಎಂದು ಕರೆಯಲಾಗುವ ಈ ರೋಗದ ಒಳಬಗೆ ಅನಂತರದ ಸಂಶೋಧನೆಗಳಿಂದ ತಿಳಿದುಬಂದಿತು. ಬೆಣಚುಕಲ್ಲು, ಗ್ರಾನೈಟ್, ಮರಳುಕಲ್ಲುಗಳಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗು ಗಂಟಲುಗಳಲ್ಲಿ ತಡೆಯಲ್ಪಡುತ್ತದೆ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಣವು ಶ್ವಾಸಕೋಶದ ತಳವನ್ನು ಸೇರುತ್ತದೆ. ಅದನ್ನು ನುಂಗಿದ ರಕ್ಷಕ ಜೀವಕೋಶವೇ ಸಾಯುತ್ತದೆ. ಅಲ್ಲಿ ಗಾಯದ ಗಂಟು ಕಟ್ಟುತ್ತದೆ. ಕೆಲಸ ಬಿಟ್ಟ ಮೇಲೂ ರೋಗ ಬೆಳೆಯಬಹುದು. ಗುಣಪಡಿಸುವ ಔಷಧ ಇಲ್ಲ.

ನೀರಿನ ಉಪಾಯ ಮತ್ತು ಅದರ ತೊಡಕು

ಅಮೆರಿಕದ ಕೊಲರಾಡೋ ಪ್ರಾಂತ್ಯದಲ್ಲಿ ಜಾನ್ ಜಾರ್ಜ್ ಲೇನರ್ ಎಂಬ ಯಂತ್ರಶಿಲ್ಪಿಯು 1890ರ ದಶಕದ ಕೊನೆಯಲ್ಲಿ ಟೊಳ್ಳಾದ ಉಕ್ಕಿನ ಉಳಿಯುಳ್ಳ ಡ್ರಿಲ್ಲನ್ನು ತಯಾರಿಸಿದ್ದನು. ಮೊದಲಿಗೆ ಆ ಟೊಳ್ಳಿನಲ್ಲಿ ಗಾಳಿಯನ್ನು ಹಾಯಿಸಿದಾಗ ಧೂಳು ಇನ್ನಷ್ಟು ಎದ್ದು ಕಾರ್ಮಿಕರು ಯಂತ್ರವನ್ನೇ ತಿರಸ್ಕರಿಸಿದರು. ಅನಂತರ ಗಾಳಿಯ ಜೊತೆಗೆ ನೀರನ್ನೂ ಹಾಯಿಸಲಾಯಿತು. ನೀರು ಉಳಿಯ ತುದಿಯನ್ನೇ ತಲುಪುವುದರಿಂದ ಮೇಲ್ಮುಖದ ಕುಳಿಯಲ್ಲಿಯೂ ಹುಡಿ ಒದ್ದೆಯಾಗಿ ಇಳಿಯುತ್ತದೆ. ಇಂದಿನ ಒದ್ದೆ ಡ್ರಿಲ್‌ಗಳು ಇದೇ ತತ್ತ್ವದವು. ಹಾಲ್ಡೇನ್ ಅವರ ವರದಿ ಕಾರಣವನ್ನು ಹೇಳಿತು, ಲೇನರ್ ಅವರ ಟೊಳ್ಳು ಉಳಿ ಸಾಧನವನ್ನು ಒದಗಿಸಿತು ಎನ್ನಬಹುದು.

ಆದರೆ ಆಳದ ಗಣಿಗಳಲ್ಲಿ ಬಂಡೆಯೇ ಬಿಸಿಯಾಗಿರುತ್ತದೆ. ಅಲ್ಲಿ ನೀರು ಬಳಸಿದಷ್ಟೂ ಗಾಳಿ ತೇವಗೊಂಡು ಬೆವರು ಆರದಂತಾಗುತ್ತದೆ. ಇದನ್ನೂ ಹಾಲ್ಡೇನ್ ಅವರೇ ಅಳೆದರು. ಮನುಷ್ಯನ ಸಹನೆಯನ್ನು ನಿರ್ಧರಿಸುವುದು ಸಾಮಾನ್ಯ ಉಷ್ಣಮಾಪಕವಲ್ಲ, ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ತೋರುವ ಅಂಕಿ ಎಂಬುದನ್ನು ಅವರು 1905ರಲ್ಲಿ ಪ್ರಕಟಿಸಿದರು. ನಿಶ್ಚಲ ಗಾಳಿಯಲ್ಲಿ ಆ ಅಂಕಿ ಸುಮಾರು 31 ಡಿಗ್ರಿ ಸೆಲ್ಸಿಯಸ್ ದಾಟಿದರೆ ದೇಹದ ಉಷ್ಣತೆ ಏರತೊಡಗುತ್ತದೆ. ಗಾಳಿ ಬೀಸುತ್ತಿದ್ದರೆ ಮಿತಿ ಸ್ವಲ್ಪ ಹೆಚ್ಚು. ಹೀಗೆ ಧೂಳಿಗೆ ನೀರು, ನೀರಿಗೆ ಗಾಳಿ, ಗಾಳಿಗೆ ಖರ್ಚು ಎಂಬ ಸರಪಳಿ ಗಣಿ ಮಾಲೀಕರ ಮುಂದೆ ನಿಂತಿತು. ಈ ಸರಪಳಿಯನ್ನು ಕಡಿಯುವ ಒಂದು ಮಾರ್ಗವೆಂದರೆ ಯಂತ್ರದ ಬಳಿಯಲ್ಲಿ ಮನುಷ್ಯನೇ ಇಲ್ಲದಂತೆ ಮಾಡುವುದು. ಹಾಲ್ಡೇನ್ ಅವರ ಕಾಲದಲ್ಲಿ ಅದಕ್ಕೆ ತಂತ್ರಜ್ಞಾನವಿರಲಿಲ್ಲ. ಸ್ವೀಡನ್ನಿನ ಕಿರುನಾ ಕಬ್ಬಿಣದ ಗಣಿಯಲ್ಲಿ 1990ರ ದಶಕದಿಂದ ನೆಲದಾಳದ ಡ್ರಿಲ್ ಯಂತ್ರಗಳನ್ನು ದೂರದ ನಿಯಂತ್ರಣ ಕೊಠಡಿಯಲ್ಲಿ ಕುಳಿತು ನಡೆಸಲಾಗುತ್ತಿದೆ. ಇತರ ದೊಡ್ಡ ಗಣಿಗಳಲ್ಲಿಯೂ ಚಾಲಕನು ಶೋಧಿಸಿದ ಗಾಳಿಯುಳ್ಳ ಮುಚ್ಚಿದ ಕ್ಯಾಬಿನ್ನಿನಲ್ಲಿ ಇಲ್ಲವೇ ದೂರ ನಿಯಂತ್ರಕವನ್ನು ಹಿಡಿದು ಸುರಕ್ಷಿತ ಅಂತರದಲ್ಲಿರುವುದು ರೂಢಿಗೆ ಬಂದಿದೆ. ಧೂಳಿನ ಜೊತೆಗೆ ಕಂಪನದಿಂದ ಬೆರಳು ಮರಗಟ್ಟುವುದು, ಶಬ್ದದಿಂದ ಕಿವುಡಾಗುವುದು, ಚಾವಣಿಯ ಬಂಡೆ ಕಳಚಿ ಬೀಳುವುದು ಇವುಗಳಿಂದಲೂ ಇದು ರಕ್ಷಣೆ ನೀಡುತ್ತದೆ. ಕೈಯಲ್ಲಿ ಜಾಕ್ ಹ್ಯಾಮರ್ ಹಿಡಿದು ಕೊರೆಯುವ ಸಣ್ಣ ಕಲ್ಲುಗಣಿಗಳಿಗೆ ಮಾತ್ರ ಇಂದಿಗೂ ಕೈಗೆಟಕುವ ಉಪಾಯಗಳೆಂದರೆ ನೀರು ಮತ್ತು ಧೂಳು ಹೀರುವ ಸಾಧನ.

ಕೋಲಾರದ ನಂಟು

ಕಾರ್ನ್‌ವಾಲ್‌ನ ಗಣಿಗಾರರು ದಕ್ಷಿಣ ಆಫ್ರಿಕಕ್ಕೆ ಮಾತ್ರ ಹೋದವರಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಕೋಲಾರದ ಚಿನ್ನದ ಗಣಿಗಳ ಆಡಳಿತವನ್ನು ವಹಿಸಿಕೊಂಡ ಮೇಲೆ, ಗಣಿ ಮೇಲ್ವಿಚಾರಕರಾಗಿ ಮೈಸೂರು ಸಂಸ್ಥಾನಕ್ಕೂ ಬಂದರು. ಅಲ್ಲಿಯ ಚಿನ್ನ ಬೆಣಚುಕಲ್ಲಿನ ಪದರಗಳಲ್ಲಿದ್ದುದರಿಂದ ಚಿನ್ನ ಬೇಕೆಂದರೆ ಸಿಲಿಕಾವನ್ನು ಕೊರೆಯಲೇಬೇಕಿತ್ತು. ಚಾಂಪಿಯನ್ ರೀಫ್ ಗಣಿಯು ಕ್ರಮೇಣ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ತಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ಹಾಲ್ಡೇನ್ ಅವರು ವಿವರಿಸಿದ ಧೂಳು ಮತ್ತು ಸೆಖೆ ಎರಡೂ ಒಂದೆಡೆ ಕೂಡಿದ ಗಣಿ ಅದು. ಬಂಡೆ ಸಿಡಿತದ ಅಪಾಯ ಬೇರೆ.

ಭಾರತದಲ್ಲಿ ಸಿಲಿಕೋಸಿಸ್ ರೋಗವು ಮೊದಲು ವರದಿಯಾದುದು 1947ರಲ್ಲಿ, ಇದೇ ಕೋಲಾರದ ಗಣಿಗಳಿಂದ. ಕಾರ್ನ್‌ವಾಲ್ ವರದಿಗೂ ಇದಕ್ಕೂ ನಡುವೆ 43 ವರ್ಷಗಳ ಅಂತರವಿದೆ. ಆ ಅವಧಿಯಲ್ಲಿ ತಮಿಳು, ತೆಲುಗು, ಕನ್ನಡ ಮಾತನಾಡುವ ಎಷ್ಟು ಮನೆಗಳಲ್ಲಿ ಕ್ಷಯವೆಂದೇ ತಿಳಿದು ಅಂತ್ಯಸಂಸ್ಕಾರ ನಡೆದಿರಬಹುದೋ ಊಹಿಸಬೇಕಷ್ಟೆ. ಅನಂತರ 1952ರ ಗಣಿ ಅಧಿನಿಯಮದಡಿ ಸಿಲಿಕೋಸಿಸ್ ಅಧಿಸೂಚಿತ ರೋಗವಾಯಿತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯ 3ನೇ ಅನುಸೂಚಿಯಲ್ಲಿಯೂ ಅದರ ಹೆಸರಿದೆ. ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿಗಾರಿಕೆ ಮುಂದುವರಿದಿದೆ.

ಕಲ್ಲು ಒಡೆಯುವ, ಕೊರೆಯುವ, ಕೆತ್ತುವ ಕೆಲಸದಲ್ಲಿರುವವರು ಅಥವಾ ಹಿಂದೆ ಆ ಕೆಲಸ ಮಾಡಿದವರು ಕೆಮ್ಮು, ಉಬ್ಬಸಗಳಿಗಾಗಿ ಆಸ್ಪತ್ರೆಗೆ ಹೋದಾಗ ತಮ್ಮ ಕೆಲಸದ ವಿವರವನ್ನು ವೈದ್ಯರಿಗೆ ತಿಳಿಸುವುದು ಅಗತ್ಯ. ಕೂಲಿ ಕೆಲಸ ಎಂದಷ್ಟೇ ಹೇಳಿದರೆ ಸಾಲದು. 1904ರಲ್ಲಿ ರೋಗದ ಮೂಲ ಪತ್ತೆಯಾದುದು ಈ ಒಂದು ಪ್ರಶ್ನೆಯಿಂದಲೇ ಎಂಬುದನ್ನು ಮೇಲೆ ತಿಳಿಸಲಾಗಿದೆ.

ಉತ್ತರ ಜೀವನ

ಹಾಲ್ಡೇನ್ ಅವರ ಇತರ ಕಾರ್ಯಗಳು ಹಲವು. ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಉಸಿರಾಟದ ಗತಿಯನ್ನು ನಿಯಂತ್ರಿಸುತ್ತದೆ ಎಂಬುದನ್ನು 1905ರಲ್ಲಿ ಪ್ರೀಸ್ಟ್ಲಿ ಅವರೊಡನೆ ತೋರಿಸಿದರು. ಆಳ ನೀರಿನಿಂದ ಮುಳುಗುಗಾರರು ಹಂತಹಂತವಾಗಿ ಮೇಲೇರಬೇಕಾದ ಕೋಷ್ಟಕಗಳನ್ನು 1908ರಲ್ಲಿ ಪ್ರಕಟಿಸಿದರು. 1915ರಲ್ಲಿ ಜರ್ಮನ್ ಸೇನೆ ಕ್ಲೋರಿನ್ ಅನಿಲವನ್ನು ಪ್ರಯೋಗಿಸಿದಾಗ, ಅನಿಲವನ್ನು ಗುರುತಿಸಿ ಮುಖಗವಸುಗಳನ್ನು ರೂಪಿಸುವ ಕಾರ್ಯದಲ್ಲಿ ತೊಡಗಿದರು. 1912ರಿಂದ ಡಾನ್‌ಕ್ಯಾಸ್ಟರ್ ಕಲ್ಲಿದ್ದಲು ಗಣಿ ಮಾಲೀಕರ ಸಂಶೋಧನಾಲಯದ ನಿರ್ದೇಶಕರಾಗಿದ್ದರು. 1921ರಲ್ಲಿ ಆ ಸಂಶೋಧನಾಲಯ ಬರ್ಮಿಂಗ್‌ಹ್ಯಾಮ್‌ಗೆ ಸ್ಥಳಾಂತರಗೊಂಡಿತು. ವೈದ್ಯರಾದ ಅವರನ್ನು ಗಣಿ ಎಂಜಿನಿಯರುಗಳು 1924ರಲ್ಲಿ ತಮ್ಮ ಸಂಸ್ಥೆಯ ಅಧ್ಯಕ್ಷರನ್ನಾಗಿ ಆರಿಸಿಕೊಂಡರು. ರಾಯಲ್ ಸೊಸೈಟಿಯು 1934ರಲ್ಲಿ ಕಾಪ್ಲಿ ಪದಕವನ್ನು ನೀಡಿ ಗೌರವಿಸಿತು.

ಒಂದು ವಿಷಯದಲ್ಲಿ ಅವರ ನಿಲುವು ತಪ್ಪಾಗಿತ್ತು. ಬೆಣಚುಕಲ್ಲಿನ ಧೂಳಿನ ಅಪಾಯವನ್ನು ಅಷ್ಟು ಸ್ಪಷ್ಟವಾಗಿ ಕಂಡ ಅವರು ಕಲ್ಲಿದ್ದಲಿನ ಧೂಳು ಬಹುಮಟ್ಟಿಗೆ ನಿರುಪದ್ರವಿ ಎಂದು ಕೊನೆಯವರೆಗೂ ನಂಬಿದ್ದರು. ಅವರ ಮಾತಿಗಿದ್ದ ತೂಕದಿಂದಾಗಿ ಈ ಅಭಿಪ್ರಾಯವನ್ನು ಪ್ರಶ್ನಿಸುವುದು ಕಷ್ಟವಾಯಿತು. ಅವರ ಮರಣಾನಂತರ, 1937ರಲ್ಲಿ ಆರಂಭವಾದ ದಕ್ಷಿಣ ವೇಲ್ಸ್‌ನ ಅಧ್ಯಯನಗಳು ಕಲ್ಲಿದ್ದಲಿನ ಧೂಳೂ ಶ್ವಾಸಕೋಶವನ್ನು ಕೆಡಿಸುತ್ತದೆ ಎಂದು ತೋರಿಸಿದವು. ಕಲ್ಲಿದ್ದಲು ಕಾರ್ಮಿಕರಿಗೆ ಈ ರೋಗಕ್ಕಾಗಿ ಪರಿಹಾರ ದೊರೆಯತೊಡಗಿದ್ದು 1943ರಲ್ಲಿ.

ಹಾಲ್ಡೇನ್ ಅವರ ಮಗಳು ನವೋಮಿ ಮಿಚಿಸನ್ ಲೇಖಕಿಯಾಗಿ ಹೆಸರು ಗಳಿಸಿದರು. ಬಾಲ್ಯದಲ್ಲಿ ತಂದೆಯೊಡನೆ ಗಣಿಗಳಿಗೆ ಇಳಿಯುತ್ತಿದ್ದ ಮಗ ಜೆ.ಬಿ.ಎಸ್. ಹಾಲ್ಡೇನ್ ಅವರು ತಳಿವಿಜ್ಞಾನಿಯಾಗಿ ಪ್ರಸಿದ್ಧರಾಗಿ, 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಭಾರತದ ಪೌರತ್ವವನ್ನು ಸ್ವೀಕರಿಸಿ, 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು.

ಎಪ್ಪತ್ತೈದನೆಯ ವಯಸ್ಸಿನಲ್ಲಿಯೂ ಹಾಲ್ಡೇನ್ ಅವರು ವಿಶ್ರಾಂತಿ ಬಯಸಲಿಲ್ಲ. ಪರ್ಷಿಯಾದ ತೈಲ ಉದ್ಯಮದ ಕಾರ್ಮಿಕರು ಬಿಸಿಲಿನ ಆಘಾತಕ್ಕೆ ಒಳಗಾಗುತ್ತಿದ್ದುದನ್ನು ಪರಿಶೀಲಿಸಲು ಅಲ್ಲಿಗೆ ಪ್ರಯಾಣ ಬೆಳೆಸಿದರು. ಆ ಪ್ರವಾಸದಿಂದ ಮರಳಿದ ಕೆಲವೇ ದಿನಗಳಲ್ಲಿ, 1936ರ ಮಾರ್ಚ್ ತಿಂಗಳಿನಲ್ಲಿ, ಆಕ್ಸ್‌ಫರ್ಡಿನಲ್ಲಿ ನಿಧನ ಹೊಂದಿದರು.